ಹನ್ನೊಂದು ಗಂಟೆಯ ರಸ್ತೆ

ನನ್ನ ಹೆಂಡತಿ ಕಾಶೀಬಾಯಿ ತೀರಿಕೊಂಡ ಹದಿನೇಳನೆಯ ದಿನ ರಸ್ತೆ ಮಂಡಳಿಯಿಂದ ಪತ್ರ ಬಂತು. ಅವಳ ಸಾವಿಗೆ ಅವಳೇ ಕಾರಣಳೆಂದು ಅದರಲ್ಲಿತ್ತು. ಅದನ್ನು ಬರೆದದ್ದು ಯಂತ್ರವಾದ್ದರಿಂದ ಕೆಳಗೆ ಯಾರ ರುಜುವೂ ಇರಲಿಲ್ಲ. ರಸ್ತೆಯ ನಡುಪಟ್ಟಿಯಲ್ಲಿ ಅನುಮತಿಯಿಲ್ಲದ ಪಾದಚಾರಿ ಕಂಡುದರಿಂದ ಲಾರಿ ಬ್ರೇಕು ಹಾಕಿತು, ಬ್ರೇಕಿನಿಂದ ಲಾರಿ ವಾಲಿತು, ರಸ್ತೆ ಸುಸ್ಥಿತಿಯಲ್ಲಿತ್ತು. ಮೂರು ಮಾತಿನಲ್ಲಿ ಐವತ್ತೆರಡು ವರ್ಷದ ಸಂಸಾರವನ್ನು ಮುಗಿಸಿದ್ದರು. ಕಾರಣ ಎಂಬ ಖಾನೆಯಲ್ಲಿ ಅವಳ ಹೆಸರನ್ನು ದೀರ್ಘವೂ ತಪ್ಪದಂತೆ ಸರಿಯಾಗಿ ಬರೆದಿದ್ದರು. ಬದುಕಿದ್ದಾಗ ಯಾವ ಕಚೇರಿಯವರೂ ಅದನ್ನು ಸರಿಯಾಗಿ ಬರೆದವರಲ್ಲ.

ನನಗೆ ಈಗ ಎಪ್ಪತ್ತೆಂಟು. ಸಿಟ್ಟು ಶಿವನಿಗೆ ಮೆಚ್ಚುಗೆಯಲ್ಲವೆಂದು ಹಿರಿಯರಿಂದ ಕಲಿತವನು ನಾನು. ಆದರೂ ಆ ಪತ್ರ ಓದಿ ಮುಗಿಸಿದ ಮೇಲೆ ಜಗುಲಿಯ ಮೇಲೆ ಕೂತಲ್ಲೇ ಸಿಟ್ಟು ಬಂತು. ಸತ್ತವಳು ಎದ್ದು ಬಂದು ಉತ್ತರ ಕೊಡಲಾರಳು ಎಂಬ ಧೈರ್ಯದಿಂದಲೇ ಅದನ್ನು ಬರೆದಿದ್ದರು. ಆ ಖಾನೆಯಿಂದ ಅವಳ ಹೆಸರನ್ನು ತೆಗೆಸದೆ ಇರುವುದಿಲ್ಲ ಎಂದು ಅವತ್ತು ನಿಶ್ಚಯಿಸಿದೆ.

ಓದುವವರಿಗೆ ರಸ್ತೆಯ ವಿಷಯ ಸ್ವಲ್ಪ ತಿಳಿದಿರಬೇಕು. ನಮ್ಮ ತೊಗರಿಹಾಳದ ಮುಂದೆ ಹೋಗುವ ದೊಡ್ಡ ರಸ್ತೆ ಕಾಂಕ್ರೀಟಿನದು. ನೋಡಿದವರಿಗೆ ಒಂದೇ ಹಾಸಿನಂತೆ ಕಾಣುತ್ತದೆ, ಆದರೆ ಅದು ನಾಲ್ಕೂವರೆ ಮೀಟರು ಉದ್ದದ ಹಲಗೆಗಳ ಸಾಲು. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆಂದೇ ಹಲಗೆಗೂ ಹಲಗೆಗೂ ನಡುವೆ ಒಂದು ಕೂಡು ಬಿಡುತ್ತಾರೆ. ಆ ಕೂಡಿನಲ್ಲಿ ಅಡ್ಡಲಾಗಿ ಉಕ್ಕಿನ ಕಂಬಿಗಳನ್ನು ಹೂತಿರುತ್ತಾರೆ. ಲಾರಿಯ ಗಾಲಿ ಒಂದು ಹಲಗೆಯ ಅಂಚಿಗೆ ಬಂದಾಗ ಆ ಕಂಬಿಗಳು ಭಾರದ ಪಾಲನ್ನು ಆಚೆ ಹಲಗೆಗೆ ದಾಟಿಸಬೇಕು. ಈಚೆ ಅಂಚು ಹತ್ತು ಪಾಲು ತಗ್ಗಿದರೆ ಆಚೆ ಅಂಚೂ ಒಂಬತ್ತು ಪಾಲಾದರೂ ತಗ್ಗಬೇಕು. ಆಗ ಕೂಡಿನ ಆರೋಗ್ಯ ನೂರಕ್ಕೆ ತೊಂಬತ್ತು. ಆಚೆಯದು ಮಿಸುಕದೆ ಈಚೆಯದೊಂದೇ ಕುಸಿದರೆ ಭಾರವೆಲ್ಲ ಒಂದೇ ಅಂಚಿನ ಮೇಲೆ ಬೀಳುತ್ತದೆ. ಕೆಳಗಿನ ಎರೆಮಣ್ಣು ನೀರಿನೊಡನೆ ಕೆಸರಾಗಿ ಚಿಮ್ಮುತ್ತದೆ, ಒಳಗೆ ಪೊಳ್ಳಾಗುತ್ತದೆ, ಒಂದು ದಿನ ಹಲಗೆಯ ಮೂಲೆ ಮುರಿಯುತ್ತದೆ.

ಇದನ್ನು ಅಳೆಯುವುದೇ ನನ್ನ ಕಾಯಕವಾಗಿತ್ತು. ಭಾರದ ಬಂಡಿ ಎಂದು ನಾವು ಕರೆಯುತ್ತಿದ್ದ ವಾಹನದಿಂದ ಕೂಡಿನ ಪಕ್ಕದಲ್ಲಿ ಗುಂಡು ಬೀಳಿಸಿ, ಎರಡೂ ಅಂಚು ಎಷ್ಟೆಷ್ಟು ತಗ್ಗಿದವೆಂದು ಬರೆದುಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದೆ. ನಾನು ನಿವೃತ್ತನಾದ ಮೇಲೆ ಮಂಡಳಿಯವರು ನನ್ನ ಅಳತೆಗಳನ್ನೆಲ್ಲ ಗಣಕಕ್ಕೆ ತುಂಬಿ ಪ್ರತಿರಸ್ತೆ ಎಂಬುದನ್ನು ಕಟ್ಟಿದರು. ನೆಲದ ಮೇಲೆ ಇರುವಷ್ಟೇ ಹಲಗೆಗಳು, ಅಷ್ಟೇ ಕೂಡುಗಳು ಕಲಬುರಗಿಯ ನಿಯಂತ್ರಣ ಕೋಣೆಯ ಗೋಡೆಯ ಮೇಲೂ ಮೂಡಿದವು. ಯಾವ ಹಲಗೆಯ ಮೇಲೆ ಎಷ್ಟು ಭಾರ ಹಾಯ್ದಿತು, ಯಾವ ಕೂಡು ಎಷ್ಟು ಸವೆಯಿತು ಎಂದು ಪ್ರತಿರಸ್ತೆ ಗಳಿಗೆ ಗಳಿಗೆಗೂ ಲೆಕ್ಕ ಹಾಕಿ ಹೇಳುತ್ತಿತ್ತು. ಚಾಲಕರಿಲ್ಲದ ಲಾರಿಗಳ ಸಾಲಿಗೆ ಅದರ ಮಾತಿನಂತೆಯೇ ವೇಗ ನಿಗದಿಯಾಗುತ್ತಿತ್ತು. ಆಮೇಲೆ ಒಂದು ಕಾಯಿದೆ ಬಂತು. ರಸ್ತೆಯ ಬಗ್ಗೆ ಸಾಕ್ಷಿ ಬೇಕಾದರೆ ಪ್ರತಿರಸ್ತೆ ಹೇಳಿದ್ದೇ ಸಾಕ್ಷಿ, ಕಣ್ಣಿಂದ ನೋಡಿದ್ದು ಸಾಕ್ಷಿಯಲ್ಲ. ಭಾರದ ಬಂಡಿಗಳನ್ನು ಗುಜರಿಗೆ ಹಾಕಿದರು. ಒಂದನ್ನು ಮಾತ್ರ ಮಕ್ಕಳಿಗೆ ತೋರಿಸಲೆಂದು ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ ನಿಲ್ಲಿಸಿದರು.

ಅಂದಿನಿಂದ ನಮ್ಮೂರಿನಲ್ಲಿ ಬೆಳಗಾಗುವ ರೀತಿಯೇ ಬದಲಾಯಿತು. ತಂಪು ಹೊತ್ತಿನಲ್ಲಿ ಟೈರು ಬಾಳುತ್ತದೆಂದು ಭಾರಿ ಲಾರಿಗಳ ಸಾಲನ್ನು ನಸುಕಿನ ನಾಲ್ಕೂವರೆಗೆ ಬಿಡುತ್ತಿದ್ದರು. ಅವು ಹಾಯುವಾಗ ಧಪ್, ಧಪ್ ಎಂದು ಒಂದೇ ಸಮನೆ ಏಟು. ಹೆಂಗಸರು ಮೊದಲ ತಿಂಗಳೇ ಗಡಿಗೆಗಳನ್ನು ಗೋಡೆಯ ಮಾಡದಿಂದ ಇಳಿಸಿ ನೆಲಕ್ಕೆ ಸಿಂಬಿಯಿಟ್ಟು ಕೂರಿಸಿದರು. ತೊಟ್ಟಿಲ ಹಗ್ಗ ಕಟ್ಟುವ ತೊಲೆ ಬದಲಾಯಿತು. ದೇವರ ಜಗಲಿಯ ಮೇಲಿನ ದೀಪದ ಕೆಳಗೆ ಬಟ್ಟೆಯ ಮಡಿಕೆ ಬಂತು. ರೊಟ್ಟಿ ಬಡಿಯುವ ಶಬ್ದಕ್ಕೂ ಲಾರಿಯ ಏಟಿಗೂ ತಾಳ ಕೂಡಿಸಿ ಹುಡುಗಿಯರು ನಗುತ್ತಿದ್ದರು. ಮನುಷ್ಯ ಯಾವುದಕ್ಕಾದರೂ ಹೊಂದಿಕೊಳ್ಳುತ್ತಾನೆ. ಅವನು ಹೊಂದಿಕೊಂಡದ್ದನ್ನೇ ಒಪ್ಪಿಗೆಯೆಂದು ಕಚೇರಿಗಳು ಬರೆದುಕೊಳ್ಳುತ್ತವೆ.

ಊರವರು ದೂರು ಕೊಟ್ಟರು. ತೊಗರಿಹಾಳದ ಮುಂದಿನ ಕೂಡುಗಳು ನೂರಕ್ಕೆ ತೊಂಬತ್ತೊಂದರಷ್ಟು ಆರೋಗ್ಯವಾಗಿವೆ, ತಾವು ಹೇಳುವ ಸದ್ದು ದಾಖಲೆಯಲ್ಲಿಲ್ಲ ಎಂದು ಮಂಡಳಿ ಉತ್ತರ ಬರೆಯಿತು. ಆ ಉತ್ತರವನ್ನು ಓದಿ ಹೇಳಿದವನು ನಾನೇ.

"ಸದ್ದು ದಾಖಲ್ಯಾಗ ಇಲ್ಲಂದ್ರ ನನ್ನ ಗಡಗಿ ಯಾಕ ಒಡೀತದ?" ಎಂದು ಕಾಶೀಬಾಯಿ ಕೇಳಿದಳು.

ನಾನು ಅವಳನ್ನು ಗದರಿಸಿದೆ. ಅದು ಬೇರೆ ಯಾರ ಲೆಕ್ಕವೂ ಅಲ್ಲ, ನನ್ನ ಕೈಯ ಅಳತೆಯ ಮೇಲೆ ನಿಂತ ಲೆಕ್ಕ, ನಾನು ಒಂದು ಸುಳ್ಳು ಅಂಕಿ ಬರೆದವನಲ್ಲ, ಶಿವನ ಆಣೆ ಎಂದೆ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನನ್ನ ಮಾತು ನಂಬಿದಳೋ, ನನ್ನ ಮುಖ ನೋಡಿ ಬಿಟ್ಟಳೋ ಈಗ ಕೇಳುವಂತಿಲ್ಲ.

ರಸ್ತೆಯ ನಡುಪಟ್ಟಿಯಲ್ಲಿ ಮಂಡಳಿಯವರೇ ಕಣಗಿಲೆ ನೆಟ್ಟಿದ್ದರು. ದನ ತಿನ್ನುವುದಿಲ್ಲ, ನೀರು ಬೇಡುವುದಿಲ್ಲ ಎಂದು ಅದನ್ನೇ ನೆಡುತ್ತಾರೆ. ನನ್ನ ಲಿಂಗಪೂಜೆಗೆ ಅವಳು ಅಲ್ಲಿಂದಲೇ ಹೂ ತರುತ್ತಿದ್ದಳು. ಸೂರ್ಯ ಹುಟ್ಟುವ ಮುಂಚೆ ಹೂ ಮುಟ್ಟಬಾರದು, ಹುಟ್ಟಿದ ಮೇಲೆ ತಡಮಾಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅದಕ್ಕಾಗಿ ಮೊದಲೇ ಹೋಗಿ, ಲಾರಿಗಳ ಸಾಲು ನಿಂತ ಹೊತ್ತು ನೋಡಿ ರಸ್ತೆ ದಾಟಿ, ಗಿಡದ ಬುಡದಲ್ಲಿ ಕೂತು ಬೆಳಕಾಗುವುದನ್ನು ಕಾಯುತ್ತಿದ್ದಳು. ಪುಷ್ಯಮಾಸದ ಆ ಸೋಮವಾರ ಹಾಗೆ ಕೂತಿದ್ದಾಗಲೇ ಎರಡು ಸಾವಿರದ ನೂರಾ ಹದಿನೇಳನೆಯ ಹಲಗೆಯ ಮೂಲೆ ಲಾರಿಯ ಅಡಿಯಲ್ಲಿ ಮುರಿಯಿತು. ಮೇಲಿದ್ದ ಪೆಟ್ಟಿಗೆ ಉರುಳಿ ನಡುಪಟ್ಟಿಗೆ ಬಿತ್ತು. ನಾನು ಓಡಿಹೋಗಿ ಕಂಡದ್ದನ್ನು ಬರೆಯುವುದಿಲ್ಲ. ಆದರೆ ಮುರಿದ ಮೂಲೆಯನ್ನು ಕಂಡೆ. ಅದರ ಸುತ್ತ ಕೆಸರು ಚಿಮ್ಮಿ ಒಣಗಿದ ಕಲೆ ಇತ್ತು. ಒಂದು ದಿನದ ಕಲೆಯಲ್ಲ, ವರ್ಷದ ಕಲೆ. ಎರಡು ದಿನದಲ್ಲಿ ಮಂಡಳಿಯವರು ಆ ಹಲಗೆಯನ್ನು ಕಿತ್ತು ಹೊಸದು ಹಾಕಿದರು. ಕೂದಲಿನಷ್ಟೂ ಗುರುತು ಉಳಿಸಲಿಲ್ಲ.

ಪತ್ರ ಹಿಡಿದುಕೊಂಡು ಕಲಬುರಗಿಗೆ ಹೋದೆ. ಹಳೆಯ ನೌಕರನೆಂಬ ಚೀಟಿ ಇದ್ದುದರಿಂದ ನಿಯಂತ್ರಣ ಕೋಣೆಯ ಬಾಗಿಲು ತೆರೆಯಿತು. ಗೋಡೆಯ ತುಂಬ ರಸ್ತೆ, ಇಂಥದೊಂದು ಕೂಡು ಎಂದು ಬೆರಳಿಟ್ಟು ತೋರಿಸುವಂತೆ. ಎಲ್ಲವೂ ಹಸಿರು. ನನ್ನ ಹೆಂಡತಿ ಸತ್ತ ಜಾಗವೂ ಹಸಿರು.

ಆ ಪಾಳಿಯ ಮುಖ್ಯಸ್ಥೆ ನಸೀಮಾ ಪಟೇಲ್ ಎಂಬ ಮೂವತ್ತರ ಹೆಣ್ಣುಮಗಳು, ಆಳಂದದ ಕಡೆಯವಳು. ಪತ್ರ ಓದಿದಳು, ನನ್ನ ಹೆಸರು ಕೇಳಿದಳು. ರೇವಣಸಿದ್ದಪ್ಪ ಎಂದೆ. ಭಾರದ ಬಂಡಿಯ ರೇವಣಸಿದ್ದಪ್ಪನವರೇ ಎಂದು ಎದ್ದು ನಿಂತಳು. ಪ್ರತಿರಸ್ತೆಗೆ ತುಂಬಿದ ಅಳತೆಗಳೆಲ್ಲ ನನ್ನವೆಂದು ಅವಳಿಗೆ ಗೊತ್ತಿತ್ತು. ಪಾಠ ಹೇಳುವಾಗ ನನ್ನ ಹೆಸರು ಹೇಳುತ್ತಾರಂತೆ. ಬೇರೆ ದಿನವಾಗಿದ್ದರೆ ಸಂತೋಷವಾಗುತ್ತಿತ್ತು.

ಕೆಸರಿನ ಕಲೆಯ ವಿಷಯ ಹೇಳಿದೆ. ತೊಂಬತ್ತೊಂದರ ಕೂಡು ಕೆಸರು ಕಕ್ಕುವುದಿಲ್ಲ. ಒಂದೋ ಪ್ರತಿರಸ್ತೆ ಸುಳ್ಳು, ಇಲ್ಲ ನನ್ನ ಕಣ್ಣು ಸುಳ್ಳು ಎಂದೆ. ಅವಳು ವಾದ ಮಾಡಲಿಲ್ಲ. ಯಂತ್ರ ಯಾವ ಅಳತೆಯಿಂದ ಕಲಿತಿದೆಯೋ ಅದನ್ನೇ ನೋಡೋಣ ಎಂದು ಗಣಕದ ಉಗ್ರಾಣದಿಂದ ನನ್ನ ಹಳೆಯ ದಿನವಹಿಗಳ ಚಿತ್ರಗಳನ್ನು ತೆರೆದಳು. ನನ್ನದೇ ಅಕ್ಷರ. ಹಲಗೆಯ ಸಂಖ್ಯೆ, ಈಚೆ ಅಂಚು, ಆಚೆ ಅಂಚು, ಹೊತ್ತು, ಹಲಗೆಯ ಬಿಸಿ. ಗಣಕಕ್ಕೆ ತುಂಬುವಾಗ ಕೊನೆಯ ಎರಡು ಖಾನೆಗಳನ್ನು ಬಿಟ್ಟಿದ್ದರು. ಏಕೆ ಬಿಟ್ಟರೆಂದು ಟಿಪ್ಪಣಿಯೂ ಇತ್ತು: ಈ ಅಂಕಿಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಕಲಿಯುವಂಥದ್ದೇನೂ ಇಲ್ಲ.

ನಾನು ಎದ್ದುನಿಂತೆ. ಹೊತ್ತು ಬಿಟ್ಟು ಕಾಂಕ್ರೀಟನ್ನು ಅಳೆಯುವ ಪಾಪಿಗಳು ಯಾರು ಎಂದು ಗಟ್ಟಿಯಾಗಿಯೇ ಕೇಳಿದೆ. ಹತ್ತಿರದ ಮೇಜಿನವರು ತಿರುಗಿ ನೋಡಿದರು. ಬಿಸಿಲಲ್ಲಿ ಹಲಗೆಗಳು ಹಿಗ್ಗಿ ಕೆನ್ನೆಗೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತವೆ. ಒಳಗಿನ ಕಂಬಿ ತುಕ್ಕು ತಿಂದು ಸಡಿಲಾಗಿದ್ದರೂ ಆಗ ಭಾರ ದಾಟಿಬಿಡುತ್ತದೆ. ನಸುಕಿನಲ್ಲಿ ಕುಗ್ಗಿ ಬಾಯಿ ಬಿಡುತ್ತವೆ, ಅಂಚುಗಳು ಹಪ್ಪಳದ ಹಾಗೆ ಮೇಲೇಳುತ್ತವೆ. ಆಗ ಆಸರೆ ಕಂಬಿಯೊಂದೇ. ಕೂಡಿನ ನಿಜ ತಿಳಿಯುವುದು ಆಗಲೇ. ಇಷ್ಟನ್ನೂ ನಾನು ಕಿರಿಯರಿಗೆ ಸಾವಿರ ಸಲ ಹೇಳಿದ್ದೆ.

ನಸೀಮಾ ಪುಟ ತಿರುವುತ್ತಲೇ ಇದ್ದಳು. ಹನ್ನೊಂದು ಹತ್ತು. ಹನ್ನೊಂದು ನಲವತ್ತು. ಹನ್ನೆರಡೂಕಾಲು. ಎರಡು. ಮೂರೂವರೆ. ಮುಂದಿನ ಪುಟ, ಹನ್ನೊಂದು ಐದು. ಒಂದು ವರ್ಷ, ಎರಡು ವರ್ಷ, ಹತ್ತು ವರ್ಷ. ಅವಳ ಬೆರಳು ನಿಂತಿತು.

"ಅಜ್ಜಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತಾರು ವರ್ಷದಾಗ ಒಂದು ಸಲನೂ ಹನ್ನೊಂದರ ಮೊದಲ ನೀವು ಯಾಕ ಅಳದಿಲ್ರಿ?"

ಹೊತ್ತಿನ ಖಾನೆಯ ಮೇಲೆ ನಾನೇ ಬೆರಳಾಡಿಸಿ ನೋಡಿದೆ.

ಸೂರ್ಯ ಹುಟ್ಟಿದ ಮೇಲೆ ಹೂ. ಹೂ ಬಂದ ಮೇಲೆ ಸ್ನಾನ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಎರಡೂವರೆ ತಾಸು ಪೂಜೆ. ಅದು ಮುಗಿಯದೆ ನೀರೂ ಮುಟ್ಟುವುದಿಲ್ಲ, ಗುಂಡೂ ಬೀಳಿಸುವುದಿಲ್ಲ ಎಂಬುದು ನನ್ನ ವ್ರತ. ಆಮೇಲೆ ಊಟ, ಆಮೇಲೆ ಬಂಡಿಗೆ ತೆಂಗಿನಕಾಯಿ, ಆಮೇಲೆ ರಸ್ತೆ. ಬಂಡಿ ಓಡಿಸುತ್ತಿದ್ದ ಹಣಮಂತ್ರಾಯ ಆಗ ಚೇಷ್ಟೆ ಮಾಡುತ್ತಿದ್ದ: ಸಾಹೇಬರ ಪೂಜಿ ಮುಗಿಯೋತನ ರಸ್ತಾಕ್ಕೂ ಉಪವಾಸ. ನಾನೂ ನಗುತ್ತಿದ್ದೆ. ನಸುಕಿನ ಕೂಡೇ ನಿಜವಾದ ಕೂಡೆಂದು ಪಾಠ ಹೇಳುತ್ತಿದ್ದವನು ಹನ್ನೊಂದರ ಕೂಡನ್ನೇ ಅಳೆದು ಬರೆದಿದ್ದೆ. ಅಂಕಿ ಒಂದೂ ಸುಳ್ಳಲ್ಲ, ದಿನದ ಉಳಿದ ಹೊತ್ತು ಮಾತ್ರ ನನ್ನ ದಿನವಹಿಯಲ್ಲಿ ಇರಲೇ ಇಲ್ಲ. ಅದರಿಂದ ಕಲಿತ ಪ್ರತಿರಸ್ತೆಗೆ ಬೆಳಗಿನ ಜಾವವೆಂಬುದೇ ಗೊತ್ತಿರಲಿಲ್ಲ. ಅದರ ಲೆಕ್ಕದಲ್ಲಿ ನಮ್ಮ ರಸ್ತೆಗೆ ಯಾವಾಗಲೂ ಹನ್ನೊಂದು ಗಂಟೆ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ತಲೆ ತಗ್ಗಿಸಿ ಹೇಳಿದೆ. ಅವಳು ನನ್ನನ್ನು ಸಮಾಧಾನಪಡಿಸಲಿಲ್ಲ, ಅದಕ್ಕೆ ಅವಳಿಗೆ ಋಣಿ. ಪಾಳಿಯ ಮುಖ್ಯಸ್ಥರು ವರ್ಷಕ್ಕೊಮ್ಮೆ ತಮ್ಮ ಹೊಣೆಯ ಮೇಲೆ ಒಂದು ಮರುಅಳತೆ ಮಾಡಿಸಬಹುದು, ಈವರೆಗೆ ಯಾರೂ ಮಾಡಿಸಿಲ್ಲ, ನಾನು ಮಾಡಿಸುತ್ತೇನೆ ಎಂದಳು. ನಾಳೆ ನಸುಕಿಗೇ ಆಗಬೇಕು, ನಾಳಿದ್ದು ನನ್ನ ಪಾಳಿ ಬದಲಾಗುತ್ತದೆ ಎಂದೂ ಹೇಳಿದಳು.

ಹಣಮಂತ್ರಾಯನ ಮನೆಗೆ ಹೋದೆ. ಎಪ್ಪತ್ತು ದಾಟಿದ ಅವನು ಪಾಲಿಟೆಕ್ನಿಕ್ಕಿನ ಅಂಗಳದ ಬಂಡಿಯನ್ನು ಸಂಜೆಯೊಳಗೆ ಬೈದು, ಸವರಿ, ಮತ್ತೆ ಬೈದು ಎಬ್ಬಿಸಿದ. ಆಮೇಲೆ ಬೀಡಿ ಹಚ್ಚಿ ನನ್ನ ಕಡೆ ನೋಡಿದ.

"ಮತ್ತ ನಿಮ್ಮ ಪೂಜಿ ಹ್ಯಾಂಗ್ರಿ ಸಾಹೇಬ್ರ? ಎರಡಕ್ಕ ಎದ್ದು ಮುಗಿಸ್ತೀರೇನು?"

ಅದೂ ಒಂದು ಉಪಾಯವೇ. ಆದರೆ ಹೂವಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ, ಕೆಲಸಕ್ಕೆ ಹೋಗುವ ಅವಸರದಲ್ಲಿ ಮುಗಿಸುವುದು ಪೂಜೆಯಲ್ಲ, ನನ್ನ ವ್ರತದ ಲೆಕ್ಕ ಸರಿದೂಗಿಸುವುದು. ಲೆಕ್ಕ ಸರಿದೂಗಿಸಿದ್ದು ಸಾಕಾಗಿತ್ತು. ಇಷ್ಟು ವರ್ಷ ಪೂಜೆಗಾಗಿ ರಸ್ತೆ ಕಾದಿದೆ, ನಾಳೆ ಒಂದು ದಿನ ರಸ್ತೆಗಾಗಿ ಪೂಜೆ ಕಾಯಲಿ ಎಂದೆ. ಹಣಮಂತ್ರಾಯ ನಗಲಿಲ್ಲ. ಬೀಡಿ ಆರಿಸಿ ಎದ್ದ.

ಬೆಳಿಗ್ಗೆ ಐದೂಕಾಲಿಗೆ ನಸೀಮಾ ಲಾರಿಗಳನ್ನು ಟೋಲಿನಾಚೆ ನಿಲ್ಲಿಸಿದಳು. ಮೈ ಕೊರೆಯುವ ಚಳಿ. ಊರ ಹೆಂಗಸರು ಕಂಬಳಿ ಹೊದ್ದು ರಸ್ತೆಯ ಅಂಚಿಗೆ ಬಂದು ನಿಂತಿದ್ದರು. ಎರಡು ಸಾವಿರದ ನೂರಾ ಹದಿನೆಂಟನೆಯ ಕೂಡಿನ ಪಕ್ಕ ಬಂಡಿ ನಿಲ್ಲಿಸಿದೆವು. ಕೂಡಿನ ಬಾಯಿಯಲ್ಲಿ ನನ್ನ ಕಿರುಬೆರಳಿನ ಉಗುರು ಹೋಗುತ್ತಿತ್ತು. ಮಧ್ಯಾಹ್ನ ಅಲ್ಲಿ ಕಾಗದ ತೂರಿಸಲಾಗುವುದಿಲ್ಲ. ಸ್ನಾನವಿಲ್ಲ, ವಿಭೂತಿಯಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡೆ, ಕ್ಷಮಿಸು ಎನ್ನಲಿಲ್ಲ, ನೋಡು ಎಂದೆ. ಗುಂಡು ಬಿಟ್ಟೆ.

ಈಚೆ ಅಂಚು ಮಿಲಿಮೀಟರಿನ ನೂರರಲ್ಲಿ ಐವತ್ತೆರಡು ಪಾಲು ತಗ್ಗಿತು. ಆಚೆಯದು ಹದಿನಾಲ್ಕು. ನೂರಕ್ಕೆ ಇಪ್ಪತ್ತೇಳು. ಮುಂದಿನದು ಮೂವತ್ತೊಂದು. ಅದರ ಮುಂದಿನದು ಇಪ್ಪತ್ತೆರಡು. ಒಂಬತ್ತು ಕೂಡುಗಳಲ್ಲಿ ನಲವತ್ತು ಮುಟ್ಟಿದ್ದು ಒಂದೇ. ಗುಂಡು ಬಿದ್ದಾಗಲೆಲ್ಲ ಬಿರುಕಿನಿಂದ ಕೆಸರು ಚಿಮ್ಮಿ ನನ್ನ ಧೋತರಕ್ಕೆ ಹಾರಿತು. ಹೆಂಗಸರಲ್ಲಿ ಒಬ್ಬಳು ತನ್ನ ಪಕ್ಕದವಳಿಗೆ, ಇದೇ ನೋಡು ಕಾಶವ್ವ ದಿನಾ ಹೇಳತಿದ್ದ ಸಪ್ಪಳ ಎಂದಳು. ಅದು ನನ್ನ ಕಿವಿಗೆ ಬೀಳಲೆಂದೇ ಹೇಳಿದ ಮಾತು.

ಮಧ್ಯಾಹ್ನ ಹನ್ನೆರಡಕ್ಕೆ ಅದೇ ಒಂಬತ್ತು ಕೂಡುಗಳನ್ನು ಮತ್ತೆ ಅಳೆದೆವು. ತೊಂಬತ್ತು, ತೊಂಬತ್ತೆರಡು, ಎಂಬತ್ತೊಂಬತ್ತು. ಪ್ರತಿರಸ್ತೆಗೂ ನಮಗೂ ಒಂದು ಅಂಕಿಯ ಭೇದವಿಲ್ಲ.

ಮರುದಿನ ಮಂಡಳಿಯ ಮುಖ್ಯ ವಿಜ್ಞಾನಿ ಡಾಕ್ಟರ್ ಮುಕುಂದ ಸವಣೂರ ಕರೆಸಿದರು. ಪ್ರತಿರಸ್ತೆಯನ್ನು ಕಟ್ಟಿದವರು ಅವರೇ. ನಸೀಮಾಳೂ ಇದ್ದಳು. ಸವಣೂರರು ವಿನಯವಂತರು, ನನಗೆ ಕುರ್ಚಿ ಸರಿಸಿಕೊಟ್ಟರು, ಹೆಂಡತಿಯ ಬಗ್ಗೆ ಎರಡು ಮಾತನಾಡಿದರು. ಆಮೇಲೆ ಹೇಳಿದರು: ನಸುಕಿನ ಒಂಬತ್ತು ಅಳತೆಗಳನ್ನು ಪ್ರತಿರಸ್ತೆ ಸ್ವೀಕರಿಸಲಿಲ್ಲ; ಅದು ಕಲಿತಿರುವ ಮಿತಿಯ ಹೊರಗೆ ಇರುವುದರಿಂದ ಉಪಕರಣದ ದೋಷವೆಂದು ಅಳಿಸಿಹಾಕಿದೆ. ಮಧ್ಯಾಹ್ನದ ಒಂಬತ್ತನ್ನು ಒಪ್ಪಿಕೊಂಡಿದೆ.

ಒಂದೇ ಬಂಡಿ, ಒಂದೇ ಗುಂಡು, ಒಂದೇ ಕೈ, ಆರೇಳು ತಾಸಿನಲ್ಲಿ ಉಪಕರಣ ತಾನಾಗಿಯೇ ವಾಸಿಯಾಯಿತೇ ಎಂದು ಕೇಳಿದೆ. ಧೋತರದ ಕೆಸರನ್ನೂ ಯಂತ್ರ ಅಳಿಸೀತೇ ಎಂದು ಕೇಳಿದೆ. ನೀವು ಎಂದಾದರೂ ಬೆಳಿಗ್ಗೆ ಐದಕ್ಕೆ ಬರಿಗಾಲಲ್ಲಿ ಆ ರಸ್ತೆಯ ಮೇಲೆ ನಿಂತಿದ್ದೀರಾ ಎಂದು ಕೇಳಿದೆ. ಅವರು ನಿಂತಿರಲಿಲ್ಲ. ಕೆಲಸದ ಇಪ್ಪತ್ತಾರು ವರ್ಷದಲ್ಲಿ ನಾನೂ ನಿಂತಿರಲಿಲ್ಲ. ದಿನಾ ನಿಂತವಳು ಒಬ್ಬಳೇ, ಅವಳ ಹೆಸರನ್ನೇ ಹಿಡಿದು ಅಪರಾಧದ ಖಾನೆಗೆ ಹಾಕಿದ್ದಾರೆ. ಹೊತ್ತಿನ ಖಾನೆ ಕಿತ್ತವನ ಹೆಸರು ಎಲ್ಲಿದೆ, ಕಣ್ಣು ಸಾಕ್ಷಿಯಲ್ಲವೆಂದು ಕಾಯಿದೆ ಬರೆದವನ ಹೆಸರು ಎಲ್ಲಿದೆ ಎಂದು ಕೇಳಿದೆ. ನನ್ನ ಧ್ವನಿ ಅಷ್ಟು ಏರಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಸವಣೂರರು ಅಳತೆಯ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಅಳತೆಗಳನ್ನು ಕೈಯಿಂದ ಸೇರಿಸಬಹುದು, ಸೇರಿಸಿದರೆ ನಸುಕಿನ ನಾಲ್ಕರಿಂದ ಒಂಬತ್ತರವರೆಗೆ ಲಾರಿಗಳು ತಾವಾಗಿಯೇ ನಿಲ್ಲುತ್ತವೆ, ಅಪಘಾತದ ಕಡತವೂ ಮತ್ತೆ ತೆರೆಯುತ್ತದೆ ಎಂದರು. ಆದರೆ ಒಂದು ತೊಡಕಿದೆ ಎಂದರು. ಕಾರಣದ ಖಾನೆಯನ್ನು ಖಾಲಿ ಬಿಡಲು ಬರುವುದಿಲ್ಲ. ಅಲ್ಲಿ ಪ್ರತಿರಸ್ತೆ ಎಂದಾಗಲಿ ಮಂಡಳಿ ಎಂದಾಗಲಿ ಬರೆದರೆ ಕಡತ ತೆಗೆದುಕೊಳ್ಳುವುದಿಲ್ಲ. ಒಬ್ಬ ಮನುಷ್ಯನ ಹೆಸರೇ ಬೇಕು. ಒಬ್ಬನದೇ ಬೇಕು. ಇಲ್ಲವಾದರೆ ಹಳೆಯ ಹೆಸರೇ ಉಳಿಯುತ್ತದೆ.

ಅಂದರೆ ಆ ಯಂತ್ರವನ್ನು ಕಟ್ಟುವಾಗಲೇ ಅದರ ತಪ್ಪನ್ನು ಬರೆಯಲು ಜಾಗವಿಡದೆ ಕಟ್ಟಿದ್ದರು. ಎಷ್ಟು ಜನ ಬುದ್ಧಿವಂತರು ಎಷ್ಟು ವರ್ಷ ಕೂತು ಅಂಥ ಫಾರಂ ಮಾಡಿದರೋ! ನಸೀಮಾ ತನ್ನ ಹೆಸರು ಬರೆಯಲೇ ಎಂದು ಕೇಳಲು ಬಾಯಿ ತೆರೆದದ್ದು ಕಂಡಿತು. ನಾನು ಕೈ ಎತ್ತಿ ತಡೆದೆ. ಸವಣೂರರು ತಮ್ಮ ಹೆಸರು ಹೇಳಬಹುದೆಂದು ಒಂದು ಗಳಿಗೆ ಕಾದೆ. ಅವರು ಕನ್ನಡಕ ಒರೆಸುತ್ತಿದ್ದರು.

"ನನ್ನ ಹೆಸರು ಬರಕೊಳ್ಳವ್ವ" ಎಂದೆ.

ಅವಳು ಸವಣೂರರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಬರೆದಳು. ಕಾಶೀಬಾಯಿ ಎಂಬ ಹೆಸರು ಆ ಖಾನೆಯಿಂದ ಅಳಿಸಿಹೋಯಿತು. ಅದರ ಜಾಗದಲ್ಲಿ ನನ್ನದು ಮೂಡಿತು. ಕೆಳಗೆ ಇನ್ನೊಂದು ಖಾನೆ ತಾನಾಗಿಯೇ ತೆರೆದುಕೊಂಡಿತು. ಅವಳು ಅದನ್ನು ಗಟ್ಟಿಯಾಗಿ ಓದಲಾರದೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಾರಣರಾದವರಿಗೂ ಮೃತರಿಗೂ ಇರುವ ಸಂಬಂಧ ಎಂದು ಕೇಳಿತ್ತು.

ಗಂಡ ಎಂದೆ. ಅವಳು ಬರೆದುಕೊಂಡಳು.